ಜಂತುಹುಳದ ಗುಳಿಗಿ ಮೊದಲು ಯಾರ ಮ್ಯಾಲೆ ನೋಡ್ಯಾರ? ಪಾಲಕರೊಬ್ಬರ ಪ್ರಶ್ನೆಗೆ ಉತ್ತರ ಬೇಕಾಗಿದೆ

ಹಾಜರಿಪುಸ್ತಕ

ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರ ನಾನು. ಮೊನ್ನೆ ಜಂತುಹುಳು ನಿವಾರಣಾ ದಿನ ಬಿಸಿಯೂಟ ಮುಗಿಸಿ ಮಕ್ಕಳನ್ನು ಸಾಲಾಗಿ ಕೂರಿಸಿ ಅಲ್ಬೆಂಡಜೋಲ್ ಕೊಡುತ್ತಿದ್ದೆವು. ಐದನೇ ತರಗತಿ ಹುಡುಗಿಯೊಬ್ಬಳ ಅಪ್ಪ ಬಾಗಿಲಲ್ಲಿ ನಿಂತು, "ಸರ, ಈ ಗುಳಿಗಿ ಮೊದಲು ಯಾರ ಮ್ಯಾಲೆ ನೋಡ್ಯಾರ? ಇಲ್ಲಾ ನಮ್ಮ ಮಕ್ಕಳ ಮ್ಯಾಲೇ ನೋಡಾಕತ್ತಾರೇನು?" ಅಂದ. ಜಗಳದ ಧಾಟಿಯಲ್ಲ. ಬಿತ್ತನೆ ಬೀಜದ ಪಾಕೀಟು ಕೈಯಲ್ಲಿ ಹಿಡಿದು ಅಂಗಡಿಯವನನ್ನು ಕೇಳುತ್ತಾರಲ್ಲ, ಹಾಗೆ.

ನನ್ನ ಹತ್ತಿರ ಉತ್ತರ ಇರಲಿಲ್ಲ. "ಸರಕಾರದ್ದು ರೀ" ಅಂದೆ. ಅದು ಉತ್ತರ ಅಲ್ಲ ಅಂತ ಅವನಿಗೂ ಗೊತ್ತು, ನನಗೂ ಗೊತ್ತು. ಮಗಳನ್ನು ಕರೆದುಕೊಂಡು ಹೋದ.

ರಾತ್ರಿ ಕೂತು ಹುಡುಕಿದರೆ ಕೆನ್ಯಾ ಅಂತ ಬಂತು. ಇನ್ನಷ್ಟು ಓದಿದರೆ ಅಮೆರಿಕದ ಕರಿಯ ಜನರ ಮೇಲೆ ನಡೆದ ಅಧ್ಯಯನಗಳು ಒಂದರ ಹಿಂದೆ ಒಂದು. ಶಾಲೆ, ರಕ್ತದೊತ್ತಡ, ಗುಹ್ಯರೋಗ, ಎಲ್ಲದಕ್ಕೂ ಅವರೇ. ತಿಳಿದವರು ಬಿಡಿಸಿ ಹೇಳಿ. ಕೆನ್ಯಾದಲ್ಲಿ ನಿಜವಾಗಿ ನಡೆದದ್ದೇನು? ಮತ್ತೆ, ಇಷ್ಟೆಲ್ಲ ಅಳೆಸಿಕೊಂಡವರಿಗೆ ತಿರುಗಿ ಏನಾದರೂ ಸಿಕ್ಕಿತೇ?

ಲೆಕ್ಕದಹುಡುಗ

ಸರ್, ನಾನು ಮೈಸೂರಲ್ಲಿ ಅರ್ಥಶಾಸ್ತ್ರ ಎಂ.ಎ. ಓದ್ತಿದ್ದೀನಿ. ಈ ಅಧ್ಯಯನ ನಮಗೆ ಪಾಠದಲ್ಲೇ ಇತ್ತು, ಸ್ವಲ್ಪ ಉದ್ದ ಬರೀತೀನಿ.

ಪಶ್ಚಿಮ ಕೆನ್ಯಾದಲ್ಲಿ ವಿಕ್ಟೋರಿಯಾ ಸರೋವರಕ್ಕೆ ಹತ್ತಿರ ಬುಸಿಯಾ ಅಂತ ಜಿಲ್ಲೆ. 1998ರಲ್ಲಿ ಅಲ್ಲಿನ 75 ಪ್ರಾಥಮಿಕ ಶಾಲೆಗಳು, 30,000ಕ್ಕೂ ಹೆಚ್ಚು ಮಕ್ಕಳು. ತಪಾಸಣೆ ಮಾಡಿದವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಕ್ಕಳಿಗೆ ಒಂದಲ್ಲ ಒಂದು ಹುಳು ಇತ್ತು. ಎಲ್ಲ ಶಾಲೆಗೂ ಒಟ್ಟಿಗೆ ಕೊಡೋಕೆ ದುಡ್ಡು, ಜನ ಎರಡೂ ಸಾಲದು. ಹಾಗಾಗಿ ಶಾಲೆಗಳ ಪಟ್ಟಿಯನ್ನು ಅಕ್ಷರಮಾಲೆ ಕ್ರಮದಲ್ಲಿ ಬರೆದು ಮೂರು ಗುಂಪು ಮಾಡಿದರು, ಒಂದೊಂದರಲ್ಲಿ 25. ಮೊದಲ ಗುಂಪಿಗೆ 1998ರಿಂದ, ಎರಡನೆಯದಕ್ಕೆ 1999ರಿಂದ, ಮೂರನೆಯದಕ್ಕೆ 2001ರಿಂದ ಮಾತ್ರೆ. ಸರದಿ ಬರೋವರೆಗೆ ಕಾಯುತ್ತಿದ್ದ ಶಾಲೆಗಳೇ ಹೋಲಿಕೆಗೆ ಸಿಕ್ಕವು.

ನಿಮ್ಮ ಹೆಸರು ನೋಡಿ ಒಂದು ಮಾತು ಹೇಳಲೇಬೇಕು: ಅವರು ಹಾಜರಿ ಪುಸ್ತಕವನ್ನು ನಂಬಲಿಲ್ಲ! ಹೇಳದೆ ಕೇಳದೆ ಶಾಲೆಗೆ ಹೋಗಿ ತಲೆ ಎಣಿಸಿದರು. ಹಾಗೆ ಎಣಿಸಿದಾಗ ಗೈರುಹಾಜರಿ ಹೆಚ್ಚುಕಡಿಮೆ ಕಾಲುಭಾಗ ಇಳಿದಿತ್ತು. ಮಾತ್ರೆ ತಿನ್ನದ ಮಕ್ಕಳಿಗೂ ಲಾಭ ಆಗಿತ್ತು, ಯಾಕಂದ್ರೆ ಮಣ್ಣಿಗೆ ಬೀಳೋ ಮೊಟ್ಟೆಗಳೇ ಕಡಿಮೆ ಆದವು. ಆದರೆ ಪರೀಕ್ಷೆಯ ಅಂಕಗಳು ಮಾತ್ರ ಏರಲಿಲ್ಲ. ಎಡ್ವರ್ಡ್ ಮಿಗೆಲ್, ಮೈಕೆಲ್ ಕ್ರೆಮರ್ ಇಬ್ಬರೂ 2004ರಲ್ಲಿ ಇದನ್ನು ಪ್ರಕಟಿಸಿದರು. ಒಂದು ಮಗು ಒಂದು ವರ್ಷ ಹೆಚ್ಚು ಶಾಲೆಗೆ ಬರೋದಕ್ಕೆ ತಗಲುವ ಖರ್ಚು ಮೂರೂವರೆ ಡಾಲರ್ ಅಂತ ಲೆಕ್ಕ ಹಾಕಿದ್ದರು. ಕ್ರೆಮರ್‌ಗೆ 2019ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಜೊತೆ ನೊಬೆಲ್ ಬಂತು.

ಪಿಎಚ್‌ಸಿ_ಡಾಕ್ಟರು

ಒಂದು ತಿದ್ದುಪಡಿ, ಮೇಷ್ಟ್ರೇ. ಆ ಅಪ್ಪನಿಗೆ "ಕೆನ್ಯಾದ ಮಕ್ಕಳ ಮೇಲೆ ಮೊದಲು ಪರೀಕ್ಷೆ ಮಾಡಿದ್ರು" ಅಂತ ಹೇಳಿಬಿಡಬೇಡಿ, ತಪ್ಪಾಗುತ್ತದೆ. ಮಾತ್ರೆ ಅದಕ್ಕಿಂತ ಹಳೆಯದು, ಸುರಕ್ಷಿತ ಎಂಬುದು ಆಗಲೇ ಗೊತ್ತಿತ್ತು. ಅಲ್ಲಿ ನೋಡಿದ್ದು ಮಾತ್ರೆಯನ್ನಲ್ಲ, ಶಾಲೆಯ ಮೂಲಕ ಊರಿಗೆ ಊರೇ ಒಟ್ಟಿಗೆ ನುಂಗಿದರೆ ಏನಾಗುತ್ತದೆ ಅನ್ನುವುದನ್ನು.

ಇನ್ನೊಂದು, ಆ ಅಧ್ಯಯನದ ಬಗ್ಗೆ ದೊಡ್ಡ ಜಗಳವೇ ನಡೆದಿದೆ. 2015ರಲ್ಲಿ ಲಂಡನ್ನಿನ ತಂಡವೊಂದು ಮೂಲ ಮಾಹಿತಿಯನ್ನೇ ಪಡೆದು ಲೆಕ್ಕವನ್ನು ಮೊದಲಿಂದ ಹಾಕಿತು. ತಪ್ಪುಗಳು ಸಿಕ್ಕವು, ಪಕ್ಕದೂರಿನ ಶಾಲೆಗಳಿಗೂ ಲಾಭ ಹರಡಿತು ಅನ್ನುವ ಭಾಗ ಬಹಳಷ್ಟು ಕುಗ್ಗಿತು. ಮೂಲ ಲೇಖಕರು ತಪ್ಪನ್ನು ಒಪ್ಪಿಕೊಂಡರು, ಮುಖ್ಯ ತೀರ್ಮಾನವನ್ನು ಬಿಟ್ಟುಕೊಡಲಿಲ್ಲ. ಅದೇ ವರ್ಷ ಕಾಕ್ರೇನ್ ಪರಿಶೀಲನೆ (ಒಂದು ವಿಷಯದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ವರದಿ), ಎಲ್ಲರಿಗೂ ಸಾರಾಸಗಟಾಗಿ ಕೊಟ್ಟರೆ ತೂಕ, ಹಿಮೋಗ್ಲೋಬಿನ್, ಓದು ಇವುಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣದು ಅಂದಿತು. ಹುಳು ಇರುವುದು ಖಚಿತವಾದ ಮಗುವಿಗೆ ಕೊಡಬೇಕು, ಅದರಲ್ಲಿ ಯಾರಿಗೂ ತಕರಾರಿಲ್ಲ.

ಲೆಕ್ಕದಹುಡುಗ

ಹೌದು ಡಾಕ್ಟ್ರೇ, ಅದನ್ನು ನಾನು ಬರೆಯಬೇಕಿತ್ತು. ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಅದೇ ಮಕ್ಕಳನ್ನು ಇಪ್ಪತ್ತು ವರ್ಷ ಬೆನ್ನುಹತ್ತಿದರು. ನೈರೋಬಿಗೆ ಹೋದವರು, ಗಡಿ ದಾಟಿ ಉಗಾಂಡಾಕ್ಕೆ ಹೋದವರು, ಎಲ್ಲರನ್ನೂ ಹುಡುಕಿದರು. 2021ರಲ್ಲಿ ಬಂದ ಲೆಕ್ಕದ ಪ್ರಕಾರ ಎರಡು ಮೂರು ವರ್ಷ ಹೆಚ್ಚು ಮಾತ್ರೆ ಪಡೆದವರ ಗಂಟೆಯ ಗಳಿಕೆ ಶೇ 13ರಷ್ಟು, ಮನೆಖರ್ಚು ಶೇ 14ರಷ್ಟು ಹೆಚ್ಚು. ಅಂಕ ಏರದೆ ಸಂಬಳ ಏರಿದ್ದು ಹೇಗೆ ಅನ್ನೋದು ಇನ್ನೂ ಒಗಟೇ.

ಬೆಣ್ಣೆದೋಸೆ

ಎಲ್ಲಾ ಸರಿ ಕಣ್ರೀ. ಆದ್ರೆ ಮೂರನೇ ಗುಂಪಿನ 25 ಶಾಲೆ ಮಕ್ಕಳು ಮೂರು ವರ್ಷ ಹೊಟ್ಟೇಲಿ ಹುಳ ಇಟ್ಕೊಂಡು ಕೂತಿದ್ರಲ್ಲ, ಅವರಿಗೆ ಏನು ಹೇಳ್ತೀರಿ? ನೊಬೆಲ್ ಬಂತು ಅಂತಾನಾ?

ಮೇಷ್ಟ್ರು ಓದಿರೋ ಗುಹ್ಯರೋಗದ್ದು ಅಮೆರಿಕದ ಟಸ್ಕೀಗಿ ಊರಿಂದಿರಬೇಕು. ಮದ್ದು ಇದ್ದೂ ಕೊಡದೆ ನಲವತ್ತು ವರ್ಷ ಕರಿಯ ರೋಗಿಗಳು ಸಾಯೋದನ್ನ ನೋಡ್ತಾ ಕೂತಿದ್ದು. ಬಡವರ ಮೈ ಅಂದ್ರೆ ಸಂಶೋಧಕರಿಗೆ ಪುಕ್ಕಟೆ ಪ್ರಯೋಗಶಾಲೆ.

ಪಿಎಚ್‌ಸಿ_ಡಾಕ್ಟರು

ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ಬುಸಿಯಾದಲ್ಲಿ ಅಧ್ಯಯನ ಬರದಿದ್ದರೆ ಮೂರೂ ಗುಂಪಿಗೆ ಏನೂ ಸಿಗುತ್ತಿರಲಿಲ್ಲ, ಮತ್ತು ಕೊನೆಗೆ ಮೂರಕ್ಕೂ ಕೊಟ್ಟರು. ಟಸ್ಕೀಗಿಯಲ್ಲಿ ಬೇರೆ ಕಡೆ ಹೋಗಿ ಮದ್ದು ತಗೊಳ್ಳುವ ದಾರಿಯನ್ನೂ ತಡೆದರು. ಬೇರೆ ಬೇರೆ.

ಬೆಣ್ಣೆದೋಸೆ

ಕಾದ ಮಗುವಿಗೆ ಆ ವ್ಯತ್ಯಾಸ ಗೊತ್ತಾಗುತ್ತಾ?

ಜಾರ್ಜಿಯಾ_ಅಕ್ಕ

ಇಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಇಪ್ಪತ್ತೊಂದು ವರ್ಷದಿಂದ ನರ್ಸ್ ಆಗಿದ್ದೀನಿ. ಹುಟ್ಟೂರು ಪುತ್ತೂರು. ಟಸ್ಕೀಗಿ ನಮ್ಮನೆಯಿಂದ ಕಾರಲ್ಲಿ ಎರಡು ಗಂಟೆ ದಾರಿ, ಪಕ್ಕದ ಅಲಬಾಮಾ ರಾಜ್ಯದಲ್ಲಿ. ಎರಡು ಸಲ ಹೋಗಿ ಬಂದಿದ್ದೀನಿ. ಆ ಊರಿನ ಹೆಸರನ್ನ ಬರೀ ಪಾಪದ ಕತೆಗೆ ಕಟ್ಟಿಹಾಕೋದು ನೋಡಿದ್ರೆ ಸಂಕಟ ಆಗುತ್ತೆ, ಅದಕ್ಕೆ ಬರೀತಿದ್ದೀನಿ.

ಗುಲಾಮಗಿರಿಯಲ್ಲಿ ಹುಟ್ಟಿದ ಬೂಕರ್ ಟಿ. ವಾಷಿಂಗ್ಟನ್ ಕರಿಯರಿಗಾಗಿ ಕಾಲೇಜು ಕಟ್ಟಿ ಬೆಳೆಸಿದ್ದು ಅಲ್ಲೇ. ಸಿಯರ್ಸ್ ರೋಬಕ್ ಅನ್ನೋ ದೊಡ್ಡ ವ್ಯಾಪಾರಿ ಕಂಪನಿಯ ಯಜಮಾನ ಜೂಲಿಯಸ್ ರೋಸನ್‌ವಾಲ್ಡ್ ಜೊತೆ ಸೇರಿ ಹಳ್ಳಿಗಳಲ್ಲಿ ಕರಿಯ ಮಕ್ಕಳಿಗೆ ಶಾಲೆ ಕಟ್ಟಿಸೋಕೆ ಶುರು ಮಾಡಿದ್ರು. 1912ರಿಂದ 1932ರೊಳಗೆ ದಕ್ಷಿಣದ 15 ರಾಜ್ಯಗಳಲ್ಲಿ ಹತ್ತಿರ ಹತ್ತಿರ 5,000 ಶಾಲೆ! ಪೂರ್ತಿ ದುಡ್ಡು ಅವನೇ ಕೊಡ್ತಿರಲಿಲ್ಲ, ಊರಿನವರೂ ಹಾಕಬೇಕು ಅನ್ನೋದು ಷರತ್ತು. ಆ ಜನ ಆಗಲೇ ತೆರಿಗೆ ಕಟ್ಟಿದ್ರು, ಆ ತೆರಿಗೆ ಹೋಗ್ತಿದ್ದಿದ್ದು ಬಿಳಿಯರ ಶಾಲೆಗೆ. ಆದ್ರೂ ಜಾಗ ಕೊಟ್ಟರು, ಮರ ಕೊಯ್ದು ಕೊಟ್ಟರು, ಹತ್ತಿ ಬೆಳೆದು ಮಾರಿ ಕೊಟ್ಟರು. ಕರೆಂಟ್ ಇಲ್ಲದ ಕಾಲ, ಅದಕ್ಕೆ ಸೂರ್ಯನ ಬೆಳಕು ಬೀಳೋ ದಿಕ್ಕು ನೋಡಿ ಉದ್ದುದ್ದ ಕಿಟಕಿ ಇಡ್ತಿದ್ರು. ನಮ್ಮಜ್ಜ ಊರಿನ ಶಾಲೆಗೆ ಹೆಂಚು ಹೊತ್ತಿದ್ದನ್ನ ಹೇಳ್ತಿದ್ದರಲ್ಲ, ಅದೇ ನೆನಪಾಯ್ತು. ಆ ಶಾಲೆಗಳಿಂದ ದಕ್ಷಿಣದ ಹಳ್ಳಿಗಳ ಕರಿಯ ಮಕ್ಕಳ ಓದು ಎಷ್ಟು ಮೇಲೆ ಬಂತು ಅಂತ ಷಿಕಾಗೋದ ಅರ್ಥಶಾಸ್ತ್ರಜ್ಞರು ಹಳೇ ಜನಗಣತಿ ತೆಗೆದು ಲೆಕ್ಕ ಹಾಕಿದ್ದಾರೆ. ಬಿಳಿಯರಿಗೂ ಇವರಿಗೂ ಓದಿನಲ್ಲಿದ್ದ ಅಂತರ ಕುಗ್ಗಿದ್ದರಲ್ಲಿ ದೊಡ್ಡ ಪಾಲು ಇವುಗಳದ್ದೇ.

ಈಗ ಕೇಳಿ. ಅದೇ ರೋಸನ್‌ವಾಲ್ಡ್ ನಿಧಿ 1929ರ ಹೊತ್ತಿಗೆ ಟಸ್ಕೀಗಿ ಇರೋ ಮೇಕನ್ ಕೌಂಟಿಯಲ್ಲಿ ಸಿಫಿಲಿಸ್ ಚಿಕಿತ್ಸೆಗೂ ದುಡ್ಡು ಕೊಟ್ಟಿತ್ತು. ಚಿಕಿತ್ಸೆಗೆ! ಆರ್ಥಿಕ ಕುಸಿತ ಬಂತು, ದುಡ್ಡು ನಿಂತಿತು. ಆಗ ಸರಕಾರದ ಆರೋಗ್ಯ ಇಲಾಖೆಯವರು, ಹೇಗೂ ಇಷ್ಟು ಜನ ರೋಗಿಗಳು ಗೊತ್ತಾಗಿದ್ದಾರೆ, ಮದ್ದು ಕೊಡದಿದ್ರೆ ರೋಗ ಹೇಗೆ ಬೆಳೆಯುತ್ತೆ ನೋಡೋಣ ಅಂತ 1932ರಲ್ಲಿ ಶುರು ಮಾಡಿದ್ರು. 399 ಜನ ರೋಗ ಇದ್ದವರು, 201 ಜನ ಇಲ್ಲದವರು, ಎಲ್ಲ ಗಂಡಸರು, ಹೆಚ್ಚಿನವರು ಗೇಣಿ ಮಾಡೋ ಬಡವರು. "ನಿಮ್ಮ ರಕ್ತ ಕೆಟ್ಟಿದೆ" ಅಂದ್ರು, ರೋಗದ ಹೆಸರು ಹೇಳಲಿಲ್ಲ. ಬೆನ್ನುಹುರಿಗೆ ಸೂಜಿ ಚುಚ್ಚಿ ನೀರು ತೆಗೆಯೋದನ್ನ "ವಿಶೇಷ ಉಚಿತ ಚಿಕಿತ್ಸೆ" ಅಂತ ಕಾಗದ ಬರೆದು ಕರೆಸಿದ್ರು. ಬಿಸಿ ಊಟ, ಸತ್ತರೆ ಮಣ್ಣು ಮಾಡೋ ಖರ್ಚು, ಅದಕ್ಕೆ ಬದಲಾಗಿ ಹೆಣ ಕೊಯ್ಯೋಕೆ ಒಪ್ಪಿಗೆ. 1947ರ ಹೊತ್ತಿಗೆ ಪೆನಿಸಿಲಿನ್ ಎಲ್ಲ ಕಡೆ ಸಿಗ್ತಿತ್ತು. ಕೊಡಲಿಲ್ಲ. ಇಲಾಖೆಯಲ್ಲೇ ಕೆಲಸ ಮಾಡ್ತಿದ್ದ ಪೀಟರ್ ಬಕ್ಸ್‌ಟನ್ ಒಳಗೆ ವರ್ಷಗಟ್ಟಲೆ ಕೂಗಾಡಿ, ಯಾರೂ ಕೇಳದೆ, ಕೊನೆಗೆ ಪತ್ರಿಕೆಯವರಿಗೆ ಹೇಳಿದ. 1972ರ ಜುಲೈನಲ್ಲಿ ಜೀನ್ ಹೆಲರ್ ಬರೆದ ವರದಿ ಬಂದ ಮೇಲೆ ನಿಂತಿದ್ದು. ಕ್ಲಿಂಟನ್ ಕ್ಷಮೆ ಕೇಳಿದ್ದು 1997ರಲ್ಲಿ. ಅಷ್ಟೊತ್ತಿಗೆ ಬದುಕಿದ್ದವರು ಎಂಟೇ ಜನ.

ನನ್ನ ವಾರ್ಡಿನಲ್ಲಿ ಈಗಲೂ ವಯಸ್ಸಾದ ಗಂಡಸರು ರಕ್ತ ತೆಗೆಯೋಕೆ ಹೋದ್ರೆ ಕೈ ಹಿಂದಕ್ಕೆ ಎಳ್ಕೋತಾರೆ. "ಇದು ನನಗೋಸ್ಕರಾನೋ, ನಿಮಗೋಸ್ಕರಾನೋ ಮಗಳೇ?" ಅಂತ ಕೇಳ್ತಾರೆ. ಮೇಷ್ಟ್ರೇ, ನಿಮ್ಮ ಪಾಲಕರು ಕೇಳಿದ್ದು ಅದನ್ನೇ.

ಲೆಕ್ಕದಹುಡುಗ

ಅಕ್ಕ ಹೇಳಿದ ಆ ಕೈ ಎಳೆದುಕೊಳ್ಳೋದನ್ನೂ ಅಳೆದಿದ್ದಾರೆ. ಮಾರ್ಸೆಲ್ಲಾ ಅಲ್ಸಾನ್, ಮರಿಯಾನ್ ವಾನಮೇಕರ್ ಅಂತ ಇಬ್ಬರು 2018ರಲ್ಲಿ ಪ್ರಕಟಿಸಿದ್ದು. 1972ರ ಸುದ್ದಿ ಹೊರಬಂದ ಮೇಲೆ ಕರಿಯ ಗಂಡಸರು ಆಸ್ಪತ್ರೆಗೆ ಹೋಗೋದು ಕಡಿಮೆಯಾಯಿತು, ಮೇಕನ್ ಕೌಂಟಿಗೆ ಹತ್ತಿರ ಇದ್ದಷ್ಟೂ ಇಳಿತ ಜಾಸ್ತಿ. 45ನೇ ವಯಸ್ಸಿನಲ್ಲಿ ಇನ್ನೆಷ್ಟು ವರ್ಷ ಬದುಕಬಹುದು ಅನ್ನೋ ನಿರೀಕ್ಷೆ ಒಂದೂವರೆ ವರ್ಷದಷ್ಟು ಕುಸಿದಿತ್ತು ಅಂತ ಅಂದಾಜು. ಟಸ್ಕೀಗಿಗೆ ಕಾಲೂ ಇಡದವರು, ಬರೀ ಕೇಳಿ ತಿಳಿದವರು.

ಅದೇ ಅಲ್ಸಾನ್ ಆಮೇಲೆ ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ ಇನ್ನೊಂದು ಮಾಡಿದರು. ಕ್ಷೌರದಂಗಡಿ, ಸಂತೆಗಳಲ್ಲಿ ಕರಿಯ ಗಂಡಸರನ್ನು ಮಾತಾಡಿಸಿ ತಪಾಸಣೆಗೆ ಕರೆದರು. ಡಾಕ್ಟರ ಫೋಟೋ ತೋರಿಸಿ ಯಾವ ಯಾವ ಪರೀಕ್ಷೆ ಬೇಕು ಅಂತ ಕೇಳಿದಾಗ ವ್ಯತ್ಯಾಸವೇ ಇಲ್ಲ. ಎದುರು ಕೂತು ಮಾತಾಡಿದ ಮೇಲೆ, ಕರಿಯ ಡಾಕ್ಟರು ಸಿಕ್ಕಿದವರು ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷೆಗಳಿಗೆ ಹೆಚ್ಚು ಒಪ್ಪಿದರು. ಅದೂ ಸೂಜಿ ಚುಚ್ಚುವ ಪರೀಕ್ಷೆಗಳಿಗೇ ಹೆಚ್ಚು.

ಬೆಣ್ಣೆದೋಸೆ

ಅಂದ್ರೆ ನಮ್ಮೋರೇ ಆದ್ರೆ ನಂಬ್ತಾರೆ. ಸರಿ. ಆದ್ರೆ ಟಸ್ಕೀಗೀಲಿ ಆ ಗಂಡಸರನ್ನ ಕಾರಲ್ಲಿ ಕೂರಿಸ್ಕೊಂಡು ಹೋಗ್ತಿದ್ದ ನರ್ಸ್ ಯಾರು? ಯೂನಿಸ್ ರಿವರ್ಸ್. ಕರಿಯ ಹೆಂಗಸು. ಅಲ್ಲಿನ ಕರಿಯರ ಆಸ್ಪತ್ರೆಯೂ ಕೈಜೋಡಿಸಿತ್ತು. ನಂಬಿಕೆ ಬೇಕು ಅಂತಲೇ ಅವಳನ್ನ ಇಟ್ಕೊಂಡಿದ್ದು. ಬಣ್ಣ ನೋಡಿ ನಂಬಿ ಕೆಟ್ಟರಲ್ಲ.

ಜಾರ್ಜಿಯಾ_ಅಕ್ಕ

ನೀವು ಹೇಳಿದ್ದು ಚುಚ್ಚಿತು, ಯಾಕಂದ್ರೆ ನಿಜ. ರಿವರ್ಸ್ ಬಗ್ಗೆ ಇಲ್ಲಿನ ಕರಿಯ ನರ್ಸ್‌ಗಳೇ ಇವತ್ತಿಗೂ ಒಂದು ಮಾತಿಗೆ ಬರೋದಿಲ್ಲ. ಕೆಲವರು ಬೈತಾರೆ. ಕೆಲವರು "ಆ ಕಾಲದಲ್ಲಿ ಆ ಬಡವರ ಮನೆ ಬಾಗಿಲಿಗೆ ಹೋಗ್ತಿದ್ದವಳು ಅವಳೊಬ್ಬಳೇ" ಅಂತಾರೆ. ನನಗೆ ಎರಡೂ ಮಾತು ಒಟ್ಟಿಗೆ ಸರಿ ಅನ್ಸುತ್ತೆ, ಏನು ಮಾಡ್ಲಿ.

ಜವಾರಿಮೆಣಸು

ಕ್ಷೌರದಂಗಡಿ ಅಂದಕೂಡ್ಲೆ ಕಿವಿ ನೆಟ್ಟಗಾತು ನೋಡ್ರಿ. ನಮ್ಮಪ್ಪಂದು ಹುಬ್ಬಳ್ಯಾಗ ಅದೇ ಅಂಗಡಿ. ಯಾವ ಡಾಕ್ಟರ್ ಮುಂದೂ ಹೇಳದ ಮಾತು ಮಂದಿ ಆ ಕುರ್ಚಿ ಮ್ಯಾಲೆ ಹೇಳ್ತಾರ. ಸಂತಿ ಬಿಟ್ಟು, ಅಂಗಡ್ಯಾಗ ಏನರ ಔಷಧ ಕೊಟ್ಟಾರೇನು?

ಲೆಕ್ಕದಹುಡುಗ

ಕೊಟ್ಟಿದ್ದಾರೆ ಅಣ್ಣ! ಲಾಸ್ ಏಂಜಲೀಸ್, 52 ಅಂಗಡಿ, ಬಿಪಿ ಹೆಚ್ಚಿದ್ದ 319 ಕರಿಯ ಗಿರಾಕಿಗಳು. ರೊನಾಲ್ಡ್ ವಿಕ್ಟರ್ ಅನ್ನೋ ಹೃದ್ರೋಗ ತಜ್ಞ ಮಾಡಿಸಿದ್ದು, 2018ರಲ್ಲಿ ಬಂತು. ಅರ್ಧ ಅಂಗಡಿಗಳಲ್ಲಿ ಕ್ಷೌರಿಕರು "ಬಿಪಿ ನೋಡಿಸ್ಕೊಳ್ಳಿ, ಡಾಕ್ಟರ ಹತ್ರ ಹೋಗಿ" ಅಂತ ಹೇಳಿದರು ಅಷ್ಟೇ. ಇನ್ನರ್ಧದಲ್ಲಿ ಫಾರ್ಮಸಿಸ್ಟೇ ಅಂಗಡಿಗೆ ಬಂದು, ಬಿಪಿ ನೋಡಿ, ಅಲ್ಲೇ ಮಾತ್ರೆ ಬರೆದುಕೊಟ್ಟ. ಆರು ತಿಂಗಳಲ್ಲಿ ಬರೀ ಹೇಳಿದ ಕಡೆ ಮೇಲಿನ ಸಂಖ್ಯೆ ಸುಮಾರು 9 ಇಳಿಯಿತು, ಫಾರ್ಮಸಿಸ್ಟ್ ಬಂದ ಕಡೆ 27.

ಪಿಎಚ್‌ಸಿ_ಡಾಕ್ಟರು

27 ಅಂದರೆ ಎರಡು ಮೂರು ಮಾತ್ರೆಗಳನ್ನು ಒಂದು ದಿನವೂ ತಪ್ಪಿಸದೆ ತಗೊಂಡಾಗ ಬರುವ ಇಳಿತ. ನನ್ನ ಹೊರರೋಗಿ ವಿಭಾಗದಲ್ಲಿ ಅದನ್ನು ಕಂಡಿಲ್ಲ. ನಮ್ಮಲ್ಲಿ ಬಿಪಿಯ ರೋಗಿ ಬೆಳೆ ಕೊಯ್ಲಿಗೆ ಹೋದರೆ ಮೂರು ತಿಂಗಳು ನಾಪತ್ತೆ.

ಹೊಟ್ಟೆಕಿಚ್ಚು ಪಕ್ಕಕ್ಕಿಟ್ಟು ಇನ್ನೊಂದು ವಿಷಯ. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸುತ್ತಿದ್ದ ಆಕ್ಸಿಮೀಟರ್ ಎಲ್ಲರ ಮನೆಯಲ್ಲೂ ಇತ್ತಲ್ಲ? ಅದು ಬೆಳಕು ಹಾಯಿಸಿ ಲೆಕ್ಕ ಹಾಕುವ ಯಂತ್ರ, ಚರ್ಮದ ಬಣ್ಣ ನಡುವೆ ಬರುತ್ತದೆ. 2020ರ ಕೊನೆಗೆ ಮಿಷಿಗನ್ನಿನ ವೈದ್ಯರು ಬರೆದರು: ಯಂತ್ರ 92ರಿಂದ 96 ತೋರಿಸುತ್ತಿದ್ದಾಗ ರಕ್ತ ತೆಗೆದು ನೋಡಿದರೆ ನಿಜವಾಗಿ 88ಕ್ಕಿಂತ ಕೆಳಗಿದ್ದದ್ದು ಕರಿಯ ರೋಗಿಗಳಲ್ಲಿ ಶೇ 11.7, ಬಿಳಿಯರಲ್ಲಿ ಶೇ 3.6. ಯಂತ್ರ ದಶಕಗಳಿಂದ ಬಳಕೆಯಲ್ಲಿತ್ತು. ಅವರನ್ನು ಅಧ್ಯಯನಕ್ಕೆ ಸೇರಿಸಿಕೊಳ್ಳುವುದು ಶೋಷಣೆ ಅನ್ನುತ್ತೀರಿ, ಸೇರಿಸಿಕೊಳ್ಳದಿದ್ದರೆ ಹೀಗಾಗುತ್ತದೆ. ನಮ್ಮ ಬೆರಳುಗಳೇನು ಹಾಲಿನ ಬಣ್ಣದ್ದೇ? ಆ ಅಂಕಿ ಓದಿದ ದಿನ ನಾನು ಮನೆಗೆ ಕಳಿಸಿದ್ದವರ ಮುಖ ನೆನಪಾಯಿತು.

ಯಲ್ಲಾಪುರ_ರಸ್ತೆ

ಆಫ್ರಿಕಾ, ಅಮೆರಿಕ ಅಂತ ಎಲ್ಲರೂ ದೂರ ದೂರ ಹೋದಿರಿ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಿನೊಳಗೆ ಸಿದ್ದಿಗಳು ಇದ್ದಾರಲ್ಲ, ಅವರೂ ಆಫ್ರಿಕಾ ಮೂಲದವರೇ. ನಾನು ಸಿದ್ದಿ. ಪೋರ್ಚುಗೀಸರು, ಅರಬರು ತಂದವರ ಮೊಮ್ಮಕ್ಕಳು ನಾವು ಅಂತ ಪುಸ್ತಕದಲ್ಲಿದೆ. ಪರಿಶಿಷ್ಟ ಪಂಗಡ ಅಂತ ಸಿಕ್ಕಿದ್ದು 2003ರಲ್ಲಿ.

ಹೈದರಾಬಾದಿನ ಸಿಸಿಎಂಬಿ ಅನ್ನುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯವರು 2011ರಲ್ಲಿ ಪ್ರಕಟಿಸಿದ್ದಾರೆ: ನಮ್ಮ ವಂಶವಾಹಿಯಲ್ಲಿ ಹೆಚ್ಚಿನ ಪಾಲು ಆಫ್ರಿಕಾದ ಬಂಟು ಜನರದ್ದು, ಉಳಿದದ್ದು ಇಲ್ಲಿಯದು, ಸ್ವಲ್ಪ ಯುರೋಪಿನದು. ಓದಿ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ನಮ್ಮ ಕೇರಿಗೆ ಬಂದವರು ಅವರೊಬ್ಬರೇ ಅಲ್ಲ. ನಾನು ಸಣ್ಣವನಿದ್ದಾಗ ಯಾರೋ ಬಂದು ರಕ್ತ ತೆಗೆದುಕೊಂಡು ಹೋದರು. ಇನ್ಯಾರೋ ತಲೆ, ಮೂಗು ಅಳೆದರು. ಕುಣಿತ ಮಾಡಿಸಿ ಫೋಟೋ ಹಿಡಿದರು, ಬಿಸ್ಕೀಟು ಕೊಟ್ಟರು. ರಕ್ತದಲ್ಲಿ ಏನು ಸಿಕ್ಕಿತು ಅಂತ ತಿರುಗಿ ಬಂದು ಹೇಳಿದವರಿಲ್ಲ. ಅಜ್ಜಿ ಕೊನೆಯವರೆಗೂ ಕೇಳುತ್ತಿದ್ದಳು, "ಆ ರಕ್ತದ್ದು ಏನಾತೋ?" ಅಂತ.

ಹಾಜರಿಪುಸ್ತಕ

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ, ಅಣ್ಣ.

ಬೆಣ್ಣೆದೋಸೆ

ಅಜ್ಜಿ ಕೇಳಿದ್ದೇ ಪ್ರಶ್ನೆ. ನನ್ನದೇನೂ ಉಳೀಲಿಲ್ಲ.

ಒಂದು ಮಾತ್ರ. ಯಾರನ್ನೂ ಕಾಯಿಸದೆ, ಯಾರ ಮೇಲೂ ಪ್ರಯೋಗ ಮಾಡದೆ ಇಂಥದ್ದು ತಿಳ್ಕೊಳ್ಳೋಕೆ ಆಗೋದೇ ಇಲ್ವಾ?

ಲೆಕ್ಕದಹುಡುಗ

ಕೆಲವು ಸಲ ಆಗುತ್ತೆ. ಬೋಟ್ಸ್‌ವಾನಾ ದೇಶದಲ್ಲಿ 1996ರಲ್ಲಿ ಶಿಕ್ಷಣದ ಹಂತಗಳನ್ನು ಸರಕಾರ ಬದಲಾಯಿಸಿತು. ಹತ್ತನೇ ತರಗತಿಯನ್ನು ಮೇಲಿನ ಹಂತದಿಂದ ಕೆಳಗಿನ ಹಂತಕ್ಕೆ ಸೇರಿಸಿದರು, ಹಾಗಾಗಿ ಹೆಚ್ಚು ಮಕ್ಕಳು ಇನ್ನೊಂದು ವರ್ಷ ಓದಿದರು. ಎಚ್‌ಐವಿಗೂ ಅದಕ್ಕೂ ಸಂಬಂಧ ಕಲ್ಪಿಸಿ ಮಾಡಿದ ಕೆಲಸವೇ ಅಲ್ಲ. ಆಮೇಲೆ ಆ ಬದಲಾವಣೆಗೆ ಮೊದಲು ಓದಿದವರನ್ನೂ ನಂತರ ಓದಿದವರನ್ನೂ ಹೋಲಿಸಿದರು. ಪ್ರೌಢಶಾಲೆಯ ಒಂದೊಂದು ಹೆಚ್ಚಿನ ವರ್ಷಕ್ಕೆ ಎಚ್‌ಐವಿ ತಗಲಿದವರು ನೂರು ಜನರಲ್ಲಿ ಎಂಟು ಜನರಷ್ಟು ಕಡಿಮೆ. ಅಲ್ಲಿ ನಾಲ್ಕರಲ್ಲೊಬ್ಬರಿಗೆ ಸೋಂಕಿತ್ತು ಅನ್ನೋದನ್ನು ನೆನಪಿಟ್ಟುಕೊಂಡು ಈ ಎಂಟನ್ನು ನೋಡಿ. ಹೆಣ್ಣುಮಕ್ಕಳಿಗೆ ಲಾಭ ಇನ್ನೂ ಹೆಚ್ಚು. 2015ರ ಲೆಕ್ಕ ಇದು.

ಜವಾರಿಮೆಣಸು

ಹಂಗಾರ ಮಾಸ್ತರ ಕೆಲಸಾನೂ ಲಸಿಕಿ ಹಾಕಿಧಂಗ ಅನ್ರಿ. ಪಗಾರ ಹೆಚ್ಚು ಕೇಳ್ರಿ ಸರ.

ಹಾಜರಿಪುಸ್ತಕ

ಪಗಾರದ ಮಾತು ಬೇರೆ ಎಳೆಯಲ್ಲಿ ಮಾಡೋಣ :)

ಎಲ್ಲರಿಗೂ ಶರಣು. ಗೈರು ಉಳಿದ ಮಕ್ಕಳಿಗೆ ಒಂದು ವಾರದ ಮೇಲೆ ಮಾತ್ರೆ ಕೊಡುವ ದಿನ ಇರುತ್ತದೆ. ಹಿಂದಿನ ಸಂಜೆ ಆ ಅಪ್ಪನ ಮನೆಗೇ ಹೋದೆ. ಚಹಾ ಕುಡಿಯುತ್ತ ಕೆನ್ಯಾದ ಕತೆ ಹೇಳಿದೆ, 75 ಶಾಲೆ, ಕಾದ ಮಕ್ಕಳು, ಲೆಕ್ಕದ ಜಗಳ, ಎಲ್ಲ. ಅಂಕ ಏರಲಿಲ್ಲ ಅನ್ನುವುದನ್ನೂ ಬಿಡಲಿಲ್ಲ. ಡಾಕ್ಟರು ಹೇಳಿದ ಹಾಗೆ ಮಾತ್ರೆ ಹಳೆಯದು, ನೋಡಿದ್ದು ಕೊಡುವ ಪದ್ಧತಿಯನ್ನು ಅಂದೆ. ಪೂರ್ತಿ ಕೇಳಿಸಿಕೊಂಡ. ಕೊನೆಗೆ ಅವನು ಕೇಳಿದ್ದು, "ಇಪ್ಪತ್ತು ವರ್ಷ ಆದಮ್ಯಾಲೆ ಆ ಹುಡುಗರನ್ನ ಹುಡುಕ್ಯಾರ ಅಂದ್ರಲ್ಲ, ಅವರಿಗೆ ಹೇಳ್ಯಾರೇನ್ರಿ, ನಿಮ್ಮಿಂದ ಹಿಂಗಿಂಗ ತಿಳೀತು ಅಂತ?" ತಲೆ ಅಲ್ಲಾಡಿಸಿದೆ, ಹೌದು ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ.

ಮರುದಿನ ಮಗಳನ್ನು ಕರೆದುಕೊಂಡು ಬಂದ. ಡಬ್ಬಿ ತೆಗೆದೆ. "ಮೊದಲು ನೀವು ತಿನ್ರಿ ಸರ" ಅಂದ. ಮಕ್ಕಳೆಲ್ಲ ನೋಡುತ್ತಿದ್ದರು. ಮಕ್ಕಳ ಲೆಕ್ಕದ್ದು ಬೇಡ ಅಂತ, ನನ್ನ ಸಲುವಾಗಿ ಹಿಂದಿನ ಸಂಜೆಯೇ ಔಷಧಿ ಅಂಗಡಿಯಿಂದ ತಂದು ಕಿಸೆಯಲ್ಲಿ ಇಟ್ಟುಕೊಂಡಿದ್ದೆ, ಕೇಳಿಯೇ ಕೇಳುತ್ತಾನೆ ಅಂತ ಯಾಕೋ ಅನ್ನಿಸಿತ್ತು. ಅಗಿದು ತಿಂದೆ. ಆಮೇಲೆ ಹುಡುಗಿ ತಿಂದಳು.

ಯಲ್ಲಾಪುರ_ರಸ್ತೆ

ರುಚಿ ಹೆಂಗಿತ್ತು ಸರ್?

ಹಾಜರಿಪುಸ್ತಕ

ಸಕ್ಕರೆ ಹಾಕಿದ ಸೀಮೆಸುಣ್ಣ.